ರಿಪೇರಿ ಆಗಿದೆ ಅಂತ ಕೊಟ್ಟ ರೈಫಲ್, ಟ್ರಿಗರ್ ಮುಟ್ಟದೆಯೇ ಗುಂಡು ಹಾರಿಸಿತು

ಶೂಟಿಂಗ್ ರೇಂಜಿಗೆ ಹೋಗಿ ಅಲ್ಲಿನ ರೈಫಲ್‌ನಲ್ಲೇ ಅಭ್ಯಾಸ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ರೈಫಲ್ ಕೆಡುವುದು ದೊಡ್ಡ ವಿಷಯವಲ್ಲ, ಯಂತ್ರ ಅಂದಮೇಲೆ ಒಂದಲ್ಲ ಒಂದು ದಿನ ಕೆಡುತ್ತದೆ. ಕೆಟ್ಟ ಮೇಲೆ ಅದನ್ನು ಯಾರು ಬಿಚ್ಚಿದರು, ಒಳಗೆ ಏನು ಮಾಡಿದರು, ಮತ್ತೆ ನಿಮ್ಮ ಕೈಗೆ ಕೊಡುವ ಮೊದಲು ಯಾರು ಪರೀಕ್ಷೆ ಮಾಡಿದರು, ಅದನ್ನು ಕೇಳಬೇಕು. ನಾನು ಕೇಳಿದ್ದೆ, ಎಲ್ಲ ನೋಡಿದ್ದೇವೆ ಅಂದಿದ್ದರು. ಸುಳ್ಳು.

ಅದು ಪಾಯಿಂಟ್ 22 ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ನಳಿಗೆಯ ಹಿಂಬದಿಯ ಬೋಲ್ಟನ್ನು ಕೈಯಿಂದಲೇ ತೆರೆದು ಮುಚ್ಚುವಂಥದ್ದು, ರೇಂಜಿನದ್ದು. ಮಲಗಿ 50 ಮೀಟರ್ ಗುರಿಗೆ ಹೊಡೆಯುತ್ತಿದ್ದೆ. ಸರಣಿಯ ಮಧ್ಯೆ ಟ್ರಿಗರ್ ಒತ್ತಿದರೆ ಬರೀ ಟಕ್ ಅಂತ ಸದ್ದು, ಗುಂಡು ಹಾರಲಿಲ್ಲ. ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಒಂದು ಕೈ ಎತ್ತಿದೆ. ರೇಂಜ್ ನೋಡಿಕೊಳ್ಳುವವರು ಬಂದವರೇ "ಬೋಲ್ಟ್ ತೆಗೀರಿ, ಬೇರೆ ಹಾಕಿ ಸರ್, ಏನೂ ಆಗಲ್ಲ" ಅಂದರು. ನಾನು ತೆಗೆಯಲಿಲ್ಲ. ಕೆಲವು ಸಲ ಫೈರಿಂಗ್ ಪಿನ್ (ತೋಟಾಗೆ ಬಡಿದು ಮದ್ದು ಹತ್ತಿಸುವ ಕಡ್ಡಿ) ಬಡಿದ ತಕ್ಷಣ ಮದ್ದು ಹತ್ತಿಕೊಳ್ಳುವುದಿಲ್ಲ, ಸ್ವಲ್ಪ ತಡವಾಗಿ ಹತ್ತಿಕೊಳ್ಳುತ್ತದೆ. ಆ ಹೊತ್ತಿಗೆ ಬೋಲ್ಟ್ ತೆರೆದಿದ್ದರೆ ತೋಟಾದ ತೆಳ್ಳಗಿನ ಹಿತ್ತಾಳೆ ಕೇಸು ಹೊರಗೇ ಒಡೆದು ಚೂರುಗಳು ಮುಖಕ್ಕೆ ಬರುತ್ತವೆ. ಅದಕ್ಕೇ ಕಡಿಮೆ ಅಂದರೂ 30 ಸೆಕೆಂಡ್ ಹಾಗೇ ಹಿಡಿದಿರಬೇಕು ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಪಾಯಿಂಟ್ 22 ಚಿಕ್ಕದಲ್ವಾ ಅಂತ ಸಡಿಲ ಬಿಡಬೇಡಿ. ಕಾರಿನ ಟಯರಿನಲ್ಲಿ ಇರುವುದು ಸುಮಾರು 30 ಪಿಎಸ್‌ಐ ಗಾಳಿ, ಈ ಚಿಕ್ಕ ಕೇಸಿನೊಳಗೆ ಒತ್ತಡ 24,000 ಪಿಎಸ್‌ಐ ತನಕ ಹೋಗಬಹುದು. ತೋಟಾ ಕೂರುವ ಚೇಂಬರ್ ಮುಚ್ಚಿದ್ದರೆ ಉಕ್ಕು ಅದನ್ನು ತಡೆಯುತ್ತದೆ, ತೆರೆದಿದ್ದರೆ ತಡೆಯಲು ಏನೂ ಇಲ್ಲ.

ಕಾದು ತೆಗೆದು ನೋಡಿದಾಗ ಕೇಸಿನ ಅಂಚಿನ ಮೇಲೆ ಪಿನ್ ಬಡಿದ ಗುರುತು ಬಹಳ ಮಂದವಾಗಿತ್ತು. ಫೈರಿಂಗ್ ಪಿನ್ನಿನ ತುದಿ ಮುರಿದಿತ್ತು. ಆಗ ನನಗೆ ಬೇರೆ ರೈಫಲ್ ಕೊಟ್ಟರು, ಇದನ್ನು ರಿಪೇರಿಗೆ ತೆಗೆದಿಟ್ಟರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಕೆಲವು ವಾರದ ನಂತರ ಅದೇ ರೈಫಲ್ ಮತ್ತೆ ಬಂತು. ಪಿನ್ ಬದಲಾಯಿಸಿದ್ದೇವೆ, ಟ್ರಿಗರ್ ಕೂಡ ಕಡಿಮೆ ಒತ್ತಿದರೆ ಸಾಕು ಅನ್ನುವಷ್ಟು ಹಗುರ ಮಾಡಿದ್ದೇವೆ, ಈಗ ಬೆಣ್ಣೆ ಹಾಗಿದೆ ಅಂದರು. ಪರೀಕ್ಷೆ ಆಗಿದೆಯಾ ಅಂದರೆ, ಆಗಿದೆ. ಮೊದಲಿನ ಗುಂಡುಗಳು ಚೆನ್ನಾಗಿಯೇ ಹೋದವು. ಆಮೇಲೆ ಒಂದು ತೋಟಾ ಹಾಕಿ ಬೋಲ್ಟ್ ಮುಚ್ಚಿ ಹಿಡಿ ಕೆಳಗೆ ಒತ್ತಿದ್ದೇ ತಡ, ಢಮ್ ಅಂತ ಹಾರಿತು. ನನ್ನ ಬಲಗೈ ಪೂರ್ತಿ ಬೋಲ್ಟಿನ ಹಿಡಿಯ ಮೇಲಿತ್ತು, ಟ್ರಿಗರ್ ಹತ್ತಿರ ಬೆರಳೇ ಇರಲಿಲ್ಲ. ಗುಂಡು ಗುರಿಗಿಂತ ತುಂಬಾ ಕೆಳಗೆ ನೆಲಕ್ಕೆ ಬಡಿದು ಮಣ್ಣು ಎದ್ದಿತು. ನಳಿಗೆ ಗುರಿಯ ಕಡೆ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ಮೇಲಕ್ಕೆ ತಿರುಗಿದ್ದರೆ? ಪಾಯಿಂಟ್ 22 ಗುಂಡು ಸುಮಾರು ಒಂದೂವರೆ ಮೈಲಿ ದೂರ ಹೋಗಬಲ್ಲದು, ತೋಟಾ ಡಬ್ಬದ ಮೇಲೇ ಆ ಎಚ್ಚರಿಕೆ ಅಚ್ಚು ಹಾಕಿರುತ್ತಾರೆ.

ನನಗೆ ಸಿಟ್ಟು ಬಂದಿದ್ದು ಇದಾದ ಮೇಲೆ. ರೇಂಜಿನವರ ಮೊದಲ ಮಾತೇ "ನೀವೇ ಟ್ರಿಗರ್ ಮುಟ್ಟಿರಬೇಕು ಸರ್." ಪಕ್ಕದ ಲೇನಿನಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದವರು ನೋಡಿದ್ದರು, ಅವರು ಬೆರಳು ಹೊರಗೇ ಇತ್ತು ಅಂತ ಹೇಳದಿದ್ದರೆ ಆ ಮಾತು ಅಲ್ಲೇ ಮುಗಿದು, ರೈಫಲ್ ಮತ್ತೆ ಸ್ಟ್ಯಾಂಡಿಗೆ ಹೋಗಿ, ಮುಂದಿನ ಬ್ಯಾಚಿನ ಯಾವುದೋ ಮಗುವಿನ ಕೈಗೆ ಸಿಗುತ್ತಿತ್ತು. ಆ ರೇಂಜಿಗೆ ಶಾಲೆಯ ಮಕ್ಕಳೂ ಬರುತ್ತಾರೆ. ಇದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾನು ರೈಫಲ್ ಬಿಟ್ಟುಕೊಡದೆ ಹಿರಿಯ ಕೋಚ್ ಬರಲಿ ಅಂದೆ. ಅವರು ಬಂದು ತೋಟಾ ಎಲ್ಲ ದೂರ ಇಡಿಸಿದರು, ಚೇಂಬರ್ ಖಾಲಿ ಇರುವುದನ್ನು ಕಣ್ಣಲ್ಲಿ ನೋಡಿ ಬೆರಳಿನಿಂದಲೂ ಮುಟ್ಟಿ ಖಚಿತ ಮಾಡಿಕೊಂಡರು. ಆಮೇಲೆ ನಳಿಗೆ ಗುರಿಯ ಕಡೆಗೇ ಇಟ್ಟು ಬೋಲ್ಟನ್ನು ಜೋರಾಗಿ ಮುಚ್ಚಿದರು. ಮೊದಲು ಪಿನ್ ಜಾರದೆ ನಿಂತಿತು. ಮತ್ತೆ ಮತ್ತೆ ಮುಚ್ಚಿದಾಗ ಒಂದು ಸಲ ಟ್ರಿಗರ್ ಮುಟ್ಟದೆಯೇ ಒಳಗಿನಿಂದ ಟಕ್. ರೇಂಜಿನವರ ಬಾಯಿ ಕಟ್ಟಿತು.

ಬಿಚ್ಚಿದಾಗ ಕಾರಣ ಸಿಕ್ಕಿತು. ಇದು ಎಲ್ಲರಿಗೂ ಗೊತ್ತಿರಬೇಕು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ಸ್ಪ್ರಿಂಗಿನ ಬಲದಲ್ಲಿ ಮುಂದೆ ನುಗ್ಗಲು ಕಾಯುತ್ತಿರುವ ಫೈರಿಂಗ್ ಪಿನ್ನನ್ನು ಹಿಡಿದು ನಿಲ್ಲಿಸುವುದು ಸಿಯರ್ ಅನ್ನುವ ಚಿಕ್ಕ ಭಾಗ. ಅದರ ಅಂಚು ಪಿನ್ನಿನ ಹಿಂಭಾಗಕ್ಕೆ ಸಿಕ್ಕಿಕೊಂಡಿರುತ್ತದೆ, ಟ್ರಿಗರ್ ಒತ್ತಿದಾಗ ಜಾರಿ ಬಿಡುತ್ತದೆ. ಆ ಹಿಡಿತ ಎಷ್ಟು ಸಣ್ಣದು ಅಂದರೆ ಅಲ್ಲಿ ಕೂದಲೆಳೆಯಷ್ಟು ಸವೆದರೂ ಲೆಕ್ಕ ತಪ್ಪುತ್ತದೆ. ಟ್ರಿಗರ್ ಹಗುರ ಮಾಡಲು ಯಾರೋ ಅದೇ ಅಂಚನ್ನು ಅರದಿಂದ ಉಜ್ಜಿದ್ದರು. ಹಿಡಿತ ಕಡಿಮೆಯಾಯಿತು, ಕೋನವೂ ಕೆಟ್ಟಿತು. ಇನ್ನೂ ಕೆಟ್ಟದ್ದೇನೆಂದರೆ, ಇಂಥ ಭಾಗಗಳಲ್ಲಿ ಗಟ್ಟಿ ಮಾಡಿದ ಉಕ್ಕು ಎಷ್ಟೋ ಸಲ ಮೇಲಿನ ತೆಳು ಪದರ ಮಾತ್ರ, ಒಳಗಿರುವುದು ಮೆತ್ತನೆಯ ಉಕ್ಕು. ಮೇಲಿನ ಪದರ ಉಜ್ಜಿ ಹೋದರೆ ಮೇಜಿನ ಮೇಲೆ ಪರೀಕ್ಷಿಸಿದಾಗ ಸರಿಯಾಗಿಯೇ ಕಾಣುತ್ತದೆ. ಬಳಸುತ್ತಾ ಬಳಸುತ್ತಾ ಮೆತ್ತನೆಯ ಅಂಚು ಸವೆದು, ಒಂದು ದಿನ ಬೋಲ್ಟ್ ಮುಚ್ಚಿದ ಅದುರಿಗೇ ಜಾರುತ್ತದೆ. ಮೊದಲಿನ ಗುಂಡುಗಳು ಚೆನ್ನಾಗಿ ಹೋದವು ಅಂದೆನಲ್ಲ, ಅದಕ್ಕೆ ಕಾರಣ ಇದೇ.

ಗುಂಡು ತಾನಾಗಿ ಹಾರದಂತೆ ತಡೆಯುವ ಸೇಫ್ಟಿ ಇತ್ತಲ್ಲ ಅಂತ ಕೇಳಬಹುದು. ಎಷ್ಟೋ ರೈಫಲ್‌ಗಳಲ್ಲಿ ಸೇಫ್ಟಿ ಹಿಡಿಯುವುದು ಟ್ರಿಗರನ್ನು ಮಾತ್ರ. ಸಿಯರ್ ತಾನಾಗಿ ಜಾರಿದರೆ ಅಂಥ ಸೇಫ್ಟಿಯಿಂದ ಏನೂ ಉಪಯೋಗವಿಲ್ಲ. ಸ್ಪರ್ಧೆಗೆಂದೇ ಮಾಡಿದ ಕೆಲವು ರೈಫಲ್‌ಗಳಲ್ಲಿ ಸೇಫ್ಟಿಯೇ ಇರುವುದಿಲ್ಲ.

ಹಗುರ ಟ್ರಿಗರ್ ಹುಚ್ಚು ಎಲ್ಲಿಂದ ಬರುತ್ತದೆ ಅಂತ ನನಗೆ ಅರ್ಥವಾಗುತ್ತದೆ, ಸ್ಕೋರ್ ಏರಬೇಕು ಅಂತ ಎಲ್ಲರಿಗೂ ಇರುತ್ತದೆ. ಆದರೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲೂ 10 ಮೀಟರ್ ಏರ್ ಪಿಸ್ತೂಲಿಗೆ ಟ್ರಿಗರ್ ಭಾರ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ ಇರಲೇಬೇಕು, ತೂಕ ನೇತುಹಾಕಿ ನೋಡುತ್ತಾರೆ. ರೈಫಲಿನಲ್ಲಿ ಹಗುರ ಬೇಕಿದ್ದರೆ ತಯಾರಕರು ಕೊಟ್ಟ ಸ್ಕ್ರೂ ಇರುತ್ತದೆ, ಅವರು ಹೇಳಿದ ಮಿತಿಯೊಳಗೆ ತಿರುಗಿಸಬಹುದು. ಅದು ಸಾಲದಿದ್ದರೆ ಟ್ರಿಗರ್ ಘಟಕವನ್ನೇ ಬದಲಾಯಿಸಬೇಕು. ಸಿಯರಿಗೆ ಅರ ಹಾಕುವುದು ಮಾತ್ರ ಬೇಡವೇ ಬೇಡ, ಎಷ್ಟೇ ಪಳಗಿದ ಕೈ ಅಂದರೂ ಬೇಡ.

ಇದರ ಜೊತೆಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಗುಂಡಿನ ಸದ್ದು ಯಾವಾಗಿನಂತೆ ಇಲ್ಲದೆ ಪುಸ್ ಅಂತ ಬಂದು, ಗುರಿಯಲ್ಲಿ ತೂತೂ ಕಾಣದಿದ್ದರೆ, ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿರಬಹುದು. ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಲೂಬಹುದು. ಇದೂ ಎರಡೇ ಸೆಕೆಂಡಿನಲ್ಲಿ, ಹಿಂದಿನಿಂದ ಯಾರೋ "ಹೊಡೀರಿ ಹೊಡೀರಿ" ಅಂದಾಗಲೇ ಆಗುವಂಥದ್ದು.

ಇನ್ನು ನಿಮ್ಮ ಕೈಗೆ ರಿಪೇರಿಯಾದ ರೈಫಲ್ ಬಂದರೆ ಸುಮ್ನೆ ತೆಗೆದುಕೊಳ್ಳಬೇಡಿ. ಏನು ಬದಲಾಯಿಸಿದರು, ಯಾರು ಮಾಡಿದರು ಅಂತ ಚೀಟಿಯಲ್ಲಿ ಬರೆದದ್ದು ತೋರಿಸಲು ಹೇಳಿ. "ಪಾಲಿಶ್ ಮಾಡಿದ್ದೇವೆ", "ಸ್ವಲ್ಪ ಉಜ್ಜಿದ್ದೇವೆ" ಅನ್ನುವ ಮಾತು ಕಿವಿಗೆ ಬಿದ್ದರೆ ಅಲ್ಲೇ ವಾಪಸ್ ಕೊಡಿ. ತೋಟಾ ಹಾಕುವ ಮೊದಲು, ಖಾಲಿ ಚೇಂಬರಿನಲ್ಲಿ, ನಿಮ್ಮ ಎದುರೇ ಬೋಲ್ಟನ್ನು ಜೋರಾಗಿ ಹಲವು ಸಲ ಮುಚ್ಚಿ ತೋರಿಸಲಿ. ಆಮೇಲೆಯೂ ಮ್ಯಾಗಜಿನ್ ತುಂಬಬೇಡಿ, ಒಂದೊಂದೇ ತೋಟಾ ಹಾಕಿ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಬೋಲ್ಟ್ ಮುಚ್ಚುವಾಗ ನಳಿಗೆ ಗುರಿಯ ಕಡೆ ಇರಲೇಬೇಕು, ಅವತ್ತು ನಮ್ಮನ್ನೆಲ್ಲ ಉಳಿಸಿದ್ದು ಅದೊಂದೇ.

ಕೆಟ್ಟದ್ದನ್ನು ಪಕ್ಕಕ್ಕೆ ಇಡುವಾಗ ಸ್ಟ್ಯಾಂಡಿನಲ್ಲಿ ಉಳಿದವುಗಳ ಜೊತೆ ಇಡಲು ಬಿಡಬೇಡಿ. ಬೋಲ್ಟ್ ಬೇರೆ ತೆಗೆಸಿ, "ಕೆಟ್ಟಿದೆ, ಬಳಸಬಾರದು" ಅಂತ ದೊಡ್ಡದಾಗಿ ಬರೆದ ಚೀಟಿ ಕಟ್ಟಿಸಿ, ರಿಜಿಸ್ಟರಿನಲ್ಲೂ ಬರೆಸಿ. ನಾನು ಬರೆಸಿದ್ದೇನೆ, ಪಕ್ಕದ ಲೇನಿನವರ ಸಹಿಯೂ ಇದೆ. ಹೊಸ ಸಿಯರ್ ಹಾಕಿಸುತ್ತೇವೆ ಅಂದಿದ್ದಾರೆ. ಅದಕ್ಕೆ ಮೊದಲು ಅರ ಹಾಕಿದ ಅದೇ ಕೈಗಳು ಬೇರೆ ಯಾವ ರೈಫಲ್‌ಗಳನ್ನು ಮುಟ್ಟಿವೆ, ಅವನ್ನೂ ಬಿಚ್ಚಿ ನೋಡಿ ಅಂತ ಲಿಖಿತವಾಗಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬರುವ ತನಕ ಆ ರೇಂಜಿನ ಯಾವ ರೈಫಲನ್ನೂ ನಾನು ಮುಟ್ಟುವುದಿಲ್ಲ.