ಬಿಗ್ ಯೂತ್ ‘ಸ್ಕ್ರೀಮಿಂಗ್ ಟಾರ್ಗೆಟ್’: ಮರುಮುದ್ರಣದ ಪ್ಲೇಟು ಹೇಗಿದೆ?

ಮೊದಲ ಬದಿಯ ಮೊದಲ ಹಾಡಿನಲ್ಲೇ ಜಮೈಕಾದ ರೆಗೇ ಡೀಜೇ ಬಿಗ್ ಯೂತ್ ಕಿರುಚುತ್ತಾನೆ. ಮರುಮುದ್ರಣ ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲು ಆ ಕೂಗೇ ಸಾಕು. ತಗಡು ಕೆರೆದಂತಿದ್ದರೆ ಟ್ರೆಬಲ್ (ಎತ್ತರದ ಸ್ವರಗಳು) ಏರಿಸಿ ಕೆಡಿಸಿದ್ದಾರೆ ಎಂದರ್ಥ. ಇಲ್ಲಿ ಅದು ಎದೆಯಿಂದಲೇ ಬರುತ್ತದೆ.

1973ರ ಆಲ್ಬಮ್ ಇದು. ಕಿಂಗ್‌ಸ್ಟನ್ನಿನ ಗಸ್ಸಿ ಕ್ಲಾರ್ಕ್ ನಿರ್ಮಾಣ, ಬ್ರಿಟನ್ನಿನಲ್ಲಿ ಹೊರತಂದದ್ದು ಟ್ರೋಜನ್ ಎಂಬ ರೆಕಾರ್ಡ್ ಕಂಪನಿ. ಜಮೈಕಾದಲ್ಲಿ ಡೀಜೇ ಎಂದರೆ ಪ್ಲೇಟು ಹಾಕುವವನಲ್ಲ; ಬೇರೆಯವರ ಹಾಡಿನ ರಿದಿಮ್ (ವಾದ್ಯಗಳ ಹಿನ್ನೆಲೆ) ಮೇಲೆ ಮಾತು ಹೆಣೆಯುವವನು. ಶೀರ್ಷಿಕೆ ಗೀತೆಯ ತಳದಲ್ಲಿರುವುದು ಕೆ. ಸಿ. ವೈಟ್ ಹಾಡಿದ ‘ನೋ ನೋ ನೋ’. ‘ಪ್ರೈಡ್ ಅಂಡ್ ಜಾಯ್ ರಾಕ್’ನ ತಳದಲ್ಲಿ ಲೆರಾಯ್ ಸ್ಮಾರ್ಟ್ ಹಾಡು. ಮೂಲ ಗಾಯಕ ಒಂದು ಸಾಲು ಹಾಡಿ ಮರೆಯಾಗುತ್ತಾನೆ, ಬಿಗ್ ಯೂತ್ ಆ ಖಾಲಿ ಜಾಗಕ್ಕೆ ನುಗ್ಗುತ್ತಾನೆ. ಹತ್ತಿರದ್ದೊಂದು ದನಿ, ದೂರದ್ದೊಂದು ದನಿ: ಈ ಅಂತರ ಉಳಿದರೆ ಮಾತ್ರ ಡೀಜೇ ಪ್ಲೇಟಿಗೆ ಜೀವ.

ಎಷ್ಟೋ ಮರುಮುದ್ರಣಗಳು ಸೋಲುವುದು ಇಲ್ಲೇ. ಮೂಲ ಧ್ವನಿಮುದ್ರಣದ ಟೇಪಿನ ‘ಸುಯ್’ ಸದ್ದು ತೆಗೆಯಲು ಹೋಗಿ ಸಿಂಬಲ್ಲಿನ (ಡ್ರಮ್ಮಿನ ಜೊತೆಯ ಲೋಹದ ತಟ್ಟೆ) ಮಿನುಗನ್ನೂ ಎಕೋದ ಬಾಲವನ್ನೂ ಕತ್ತರಿಸುತ್ತಾರೆ. ಎರಡು ದನಿಗಳೂ ಒಂದೇ ಗೋಡೆಗೆ ಅಂಟಿಕೊಳ್ಳುತ್ತವೆ. ಇಲ್ಲಿ ಆ ಸುಯ್ ಸದ್ದನ್ನು ಬಿಟ್ಟಿದ್ದಾರೆ, ಬಹಳ ಒಳ್ಳೆಯ ಕೆಲಸ. ಕೆ. ಸಿ. ವೈಟ್‌ನ ದನಿ ಪಕ್ಕದ ಕೋಣೆಯಿಂದ ತೇಲಿಬಂದಂತೆ ಇದೆ. ಬೇಸ್ (ತಗ್ಗಿನ ಸ್ವರ) ದುಂಡಗಿದೆ, ಗುಂಯ್‌ಗುಡುವುದಿಲ್ಲ. ಒಂದೊಂದು ಬದಿಯೂ 20 ನಿಮಿಷದೊಳಗೆ ಮುಗಿಯುವುದರಿಂದ ಸೂಜಿ ಓಡುವ ಗೀರುಗಳಿಗೆ ಬೇಕಾದಷ್ಟು ಅಗಲ ಸಿಕ್ಕಿದೆ. ಬೇಸ್ ಧಾರಾಳವಾಗಿ ಬರಲು ಅದೂ ಕಾರಣ. ಕವರಿನ ಮೇಲಿರುವ ‘180 ಗ್ರಾಂ’ ಚೀಟಿಗೆ ಅಷ್ಟು ಬೆಲೆ ಕೊಡಬೇಡಿ. ತೂಕದಿಂದ ದನಿ ಸುಧಾರಿಸುವುದಿಲ್ಲ.

ದೂರುಗಳೂ ಇವೆ. ಎರಡನೇ ಬದಿಯಲ್ಲಿ ನಡುವಿನ ತೂತು ಕೂದಲೆಳೆಯಷ್ಟು ಆಚೀಚೆ ಆಗಿದೆ. ಪ್ಲೇಟು ತಿರುಗುವಾಗ ಟೋನ್‌ಆರ್ಮ್ (ಸೂಜಿ ಹಿಡಿದಿರುವ ತೋಳು) ಒಳಕ್ಕೂ ಹೊರಕ್ಕೂ ತೂಗಾಡಿದರೆ ಇದೇ ರೋಗ. ಡ್ರಮ್ಮಿನಲ್ಲಿ ಇದು ಗೊತ್ತಾಗುವುದಿಲ್ಲ. ಆರ್ಗನ್ನಿನ ಉದ್ದನೆಯ ಸ್ವರ ಅಲುಗಾಡಿದಾಗ ಎದ್ದು ಕಾಣುತ್ತದೆ. ತೂಗಾಟ ಜಾಸ್ತಿಯಿದ್ದರೆ ಬದಲಿಸಿ ಕೊಡಿ ಎಂದು ಕೇಳಿ, ತೊಳೆದರೆ ಹೋಗುವಂಥದ್ದಲ್ಲ.

ಚಟಪಟ ಸದ್ದು ಬಂದರೆ ಮೂಲ ಎಲ್ಲಿದೆ ಎಂದು ಮೊದಲು ನೋಡಿ. ನಿಮಿಷಕ್ಕೆ 33⅓ ಸುತ್ತು ಎಂದರೆ ಒಂದು ಸುತ್ತಿಗೆ 1.8 ಸೆಕೆಂಡು. ‘ಟಕ್’ ಎನ್ನುವುದು ಅಷ್ಟೇ ಅಂತರದಲ್ಲಿ ಮರುಕಳಿಸಿದರೆ ನಿಮ್ಮ ಪ್ಲೇಟಿನಲ್ಲೇ ಗೀಚು ಅಥವಾ ಅಂಟಿದ ಕಸ ಇದೆ. ಹಾಡಿಗೆ ಮುಂಚಿನ ಖಾಲಿ ಗೀರು ಮೌನವಾಗಿದ್ದು, ಹಾಡಿನ ಜೊತೆಗೇ ಸದ್ದು ಶುರುವಾಗಿ ಹಾಡಿನ ಜೊತೆಗೇ ನಿಂತರೆ, ಟೇಪು ಸಿಗದೆ ಹಳೆಯ ಪ್ಲೇಟಿನಿಂದ ನಕಲು ಮಾಡಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಸೂಜಿ ಬದಲಿಸಿ ಪ್ರಯೋಜನವಿಲ್ಲ.

ಬದಿಯ ಕೊನೆಯ ಹಾಡಿನಲ್ಲಿ ‘ಸ’ಕಾರಗಳು ಸಿಡಿಯುವುದು ಇನ್ನೊಂದು ತೊಂದರೆ. ಹೊರಗಿನ ಗೀರಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಹಾದುಹೋಗುತ್ತದೆ, ಒಳಗೆ ಬಂದಾಗ ಅದು 21ರ ಹತ್ತಿರ. ಅದೇ ದನಿಯನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದಂತಾಯಿತು. ಡೀಜೇಯ ಮಾತು ತುಟಿ ಹತ್ತಿರದ್ದು, ಆದ್ದರಿಂದ ಸಿಡಿತ ಬೇಗ ಕಿವಿಗೆ ಬೀಳುತ್ತದೆ. ಸೂಜಿ ಪ್ಲೇಟಿನ ಮೇಲೆ ಒತ್ತುವ ಭಾರವನ್ನು ಕಾರ್ಟ್ರಿಜ್ (ಸೂಜಿ ಕೂರುವ ಪುಟ್ಟ ಡಬ್ಬಿ) ತಯಾರಕರು ಹೇಳಿದ ಮೇಲಿನ ಮಿತಿಗೆ ಹತ್ತಿರವಿಟ್ಟು, ಅಲೈನ್‌ಮೆಂಟ್ (ಗೀರಿನಲ್ಲಿ ಸೂಜಿ ಕೂರುವ ಕೋನ) ಸರಿಮಾಡಿ. ಭಾರ ಕಡಿಮೆ ಮಾಡಿದರೆ ಪ್ಲೇಟು ಉಳಿಯುತ್ತದೆ ಎನ್ನುವುದು ತಪ್ಪು: ಸೂಜಿ ಗೀರಿನ ಗೋಡೆ ಬಿಟ್ಟು ಕುಣಿದು, ಇನ್ನಷ್ಟು ಹಾಳುಮಾಡುತ್ತದೆ.

ಒಳಚೀಲ ಬರಿ ಕಾಗದದ್ದು. ಹೊಸ ಪ್ಲೇಟು ಹೊರತೆಗೆದಾಗಲೇ ಕಾಗದದ ಪುಡಿ ಅಂಟಿಕೊಂಡಿತ್ತು. ಮೊದಲ ಸಲ ಸೂಜಿ ಇಡುವ ಮುನ್ನ ತೊಳೆದು, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಒಳಪದರದ ಚೀಲಕ್ಕೆ ಹಾಕಿ. ಮೂಲ ಮುದ್ರಣ ಸುಸ್ಥಿತಿಯಲ್ಲಿ ಇರುವವರಿಗೆ ಇದು ಬೇಕಿಲ್ಲ. ಸವೆದ ಪ್ರತಿಯಲ್ಲೇ ಕೇಳುತ್ತಿರುವವರು ತೂತಿನ ವಿಷಯ ಮೊದಲೇ ಖಾತ್ರಿ ಮಾಡಿಕೊಂಡು ಕೊಳ್ಳಬಹುದು.