ಮಳೆಗಾಲದ ಜಿಮ್: ಕಾರವಾರದ ರಕ್ತದೊತ್ತಡದವರಿಗೆ ಎಷ್ಟು ಉಪಯೋಗ?

ರವೀಂದ್ರನಾಥ ಟ್ಯಾಗೋರ್ ಕಡಲತೀರ ಇರುವ ಊರಿನಲ್ಲಿ ನಡೆಯುವುದಕ್ಕೆ ದುಡ್ಡು ಕೊಡಬೇಕೇ ಎಂದು ಮನೆಯಲ್ಲಿ ಕೇಳಿದ್ದರು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಆ ಪ್ರಶ್ನೆ ನಿಂತಿತು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕೆಂದು ವೈದ್ಯರು ಹೇಳಿದ್ದರು. ನಡಿಗೆ ಬಿಟ್ಟರೆ ಅದರ ಫಲ ಕೆಲವೇ ವಾರಗಳಲ್ಲಿ ಕರಗುತ್ತದೆ ಎಂಬುದು ಹಿಂದಿನ ಮಳೆಗಾಲದಲ್ಲೇ ನನಗೆ ತಿಳಿದಿತ್ತು. ಆದ್ದರಿಂದ ತಿಂಗಳಿಗೆ 1,000 ರೂಪಾಯಿಯಂತೆ ಪೇಟೆಯ ಜಿಮ್ ಒಂದರ ಬೆಳಗಿನ ಬ್ಯಾಚಿಗೆ ಸೇರಿದೆ.

ಮೂರು ಟ್ರೆಡ್‌ಮಿಲ್‌ಗಳೂ ಸುಸ್ಥಿತಿಯಲ್ಲಿವೆ, ಕಿಟಕಿಗಳು ದೊಡ್ಡವು. ಗಂಟೆಗೆ 5.5 ಕಿ.ಮೀ. ವೇಗ ನನಗೆ ಹೊಂದುತ್ತದೆ: ಟ್ರಾಲಿಂಗ್ ಮೀನುಗಾರಿಕೆಯ ನಿಷೇಧದ ದಿನಗಳಲ್ಲಿ ಏರಿದ ಬಂಗಡೆಯ ದರದ ಬಗ್ಗೆ ಪಕ್ಕದವರೊಡನೆ ಮಾತನಾಡಬಹುದು, ಆದರೆ ಭಜನೆ ಹಾಡಲಾಗದು. ಶ್ರಮ ಸಾಕಷ್ಟಿದೆ ಎನ್ನುವುದಕ್ಕೆ ಇದೇ ನನ್ನ ಅಳತೆ. ಏಕೆಂದರೆ 220ರಿಂದ ವಯಸ್ಸನ್ನು ಕಳೆದು ನಾಡಿಬಡಿತದ ಗುರಿ ಹೇಳುವ ಗೋಡೆಯ ಪಟ್ಟಿ, ನಾಡಿಯನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವ ನನ್ನಂಥವರಿಗೆ ಹೊಂದುವುದಿಲ್ಲ. ತರಬೇತುದಾರರು ಮಾತ್ರ ಎಲ್ಲರಿಗೂ ಅದನ್ನೇ ತೋರಿಸುತ್ತಾರೆ.

ದೊಡ್ಡ ದೂರು ಬಿಪಿ ಅಳೆಯುವ ಕ್ರಮದ ಬಗ್ಗೆ. ಮೊದಲ ದಿನ ಮೆಟ್ಟಿಲು ಹತ್ತಿ ಬಂದವನನ್ನು ನಿಲ್ಲಿಸಿಯೇ, ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತಿದರು. ಯಂತ್ರ 164/98 ತೋರಿಸಿತು. ನಾನೇ ಕುರ್ಚಿ ಕೇಳಿ, ಬೆನ್ನು ಆನಿಸಿ, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕಿಟ್ಟು, ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ ಬಂದದ್ದು 146/90. ಮೊದಲ ಸಂಖ್ಯೆಯನ್ನೇ ನಂಬಿ ಹೆದರಿದವರು ಎಷ್ಟು ಮಂದಿಯೋ! ಮುಂದಿನ ಬ್ಯಾಚಿಗಾಗಿ ಟ್ರೆಡ್‌ಮಿಲ್ ಅನ್ನು ಥಟ್ಟನೆ ನಿಲ್ಲಿಸುವುದೂ ಸರಿಯಲ್ಲ. ವ್ಯಾಯಾಮ ಮುಗಿದೊಡನೆ ಒತ್ತಡ ಇಳಿಯುತ್ತದೆ, ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಒಮ್ಮೆ ತಲೆ ಸುತ್ತಿ ಹಿಡಿಕೆಗೆ ಜೋತುಬಿದ್ದಿದ್ದೆ. ಈಗ ಕೊನೆಯ ಐದು ನಿಮಿಷ ನಿಧಾನವಾಗಿ ನಡೆದೇ ಇಳಿಯುತ್ತೇನೆ, ಕಾಯುವವರು ಕಾಯಲಿ.

ಮೂರು ತಿಂಗಳ ನಂತರ ಮನೆಯ ಬೆಳಗಿನ ಸರಾಸರಿ 144/90ರಿಂದ 136/85ಕ್ಕೆ ಬಂದಿದೆ. ನಿಯಮಿತ ನಡಿಗೆಯಿಂದ ಮೇಲಿನ ಸಂಖ್ಯೆ 5ರಿಂದ 8ರಷ್ಟು ಇಳಿಯಬಹುದೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೆ ಇದೇ ಅವಧಿಯಲ್ಲಿ ಒಣಮೀನು, ಉಪ್ಪಿನಕಾಯಿಯನ್ನೂ ಬಿಟ್ಟಿದ್ದೆನಾದ್ದರಿಂದ ಪೂರ್ತಿ ಶ್ರೇಯಸ್ಸು ಜಿಮ್ಮಿಗೆ ಸಲ್ಲದು. ಮಾತ್ರೆ ಹಾಗೆಯೇ ಮುಂದುವರಿದಿದೆ.

ಅಕ್ಟೋಬರ್‌ನಿಂದ ಮತ್ತೆ ಕಡಲತೀರಕ್ಕೆ ಹೋಗುವವನಿದ್ದೇನೆ. ಬರುವ ಜೂನ್‌ನಲ್ಲಿ ಇಲ್ಲಿಗೇ ಸೇರುತ್ತೇನೆ. ಅಷ್ಟರೊಳಗೆ ಬಿಪಿ ಯಂತ್ರದ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದ್ದರೆ ಉಪಕಾರವಾಗುತ್ತದೆ.