ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಹನಿ ಕಿಟ್: ರಾಯಚೂರಿನ ಬೋರ್ ನೀರಿನಲ್ಲಿ ದೀರ್ಘ ಬಳಕೆ

ಇದು ಮೀನಿನ ಟ್ಯಾಂಕಿನ ನೀರು ಪರೀಕ್ಷಿಸುವ ಕಿಟ್: ಟ್ಯೂಬಿನ ನೀರಿಗೆ ಹನಿ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸಿ ಅಂಕಿ ಓದುವುದು. ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೈಟಾಗಿ, ಆಮೇಲೆ ನೈಟ್ರೇಟಾಗಿ ಬದಲಿಸುತ್ತವೆ; ಕಿಟ್ ಅಳೆಯುವುದು ಈ ಮೂರನ್ನು. ನೈಟ್ರೇಟಿನ ಎರಡನೇ ಬಾಟಲಿಯ ಮೇಲೆ ನನಗೆ ಸಿಟ್ಟಿದೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಅದರೊಳಗಿನ ಪುಡಿ ಇಟ್ಟಲ್ಲೇ ತಳ ಹಿಡಿದು ಗಟ್ಟಿಯಾಗುತ್ತದೆ. ಸುಮ್ಮನೆ ಸ್ವಲ್ಪ ಅಲ್ಲಾಡಿಸಿ ಹಾಕಿದರೆ ಬರೀ ದ್ರವ ಬೀಳುತ್ತದೆ. ನೈಟ್ರೇಟ್ 80 ಪಿಪಿಎಂ (ಲೀಟರಿಗೆ 80 ಮಿಲಿಗ್ರಾಂ) ಇದ್ದರೂ ಟ್ಯೂಬು ಹಳದಿಯಾಗಿಯೇ, ಅಂದರೆ ಸೊನ್ನೆಯ ಬಣ್ಣದಲ್ಲೇ, ಉಳಿಯಬಹುದು. ಬಾಟಲಿಯನ್ನು ಮೇಜಿಗೆ ಕುಟ್ಟಿ ಪುಡಿ ಸಡಿಲ ಮಾಡಿ, 30 ಸೆಕೆಂಡ್ ಜೋರಾಗಿ ಕುಲುಕಬೇಕು. ಹನಿ ಹಾಕಿದ ಮೇಲೆ ಟ್ಯೂಬನ್ನೂ ಪೂರ್ತಿ ಒಂದು ನಿಮಿಷ ಕುಲುಕಿ, 5 ನಿಮಿಷ ಬಿಡಬೇಕು. ಇಷ್ಟು ದುಬಾರಿ ಕಿಟ್ಟಿನಲ್ಲಿ ಈ ಮಾತು ಬಾಟಲಿಯ ಮೇಲೆ ದೊಡ್ಡದಾಗಿ ಇರಬೇಕಿತ್ತು, ಇರುವುದು ಸಣ್ಣಕ್ಷರದ ಚೀಟಿಯಲ್ಲಿ. ಇನ್ನೊಂದು ವಿಷಯ: ಆ ಪುಡಿ ನೈಟ್ರೇಟನ್ನು ನೈಟ್ರೈಟಾಗಿ ಬದಲಿಸಿ ಬಣ್ಣ ಬರಿಸುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಮೊದಲೇ ನೈಟ್ರೈಟ್ ಇದ್ದರೆ ನೈಟ್ರೇಟಿನ ಅಂಕಿಯನ್ನು ನಂಬಬೇಡಿ.

ಅಮೋನಿಯಾ ಪರೀಕ್ಷೆ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಟ್ಯೂಬನ್ನು ಟ್ಯಾಂಕಿನ ನೀರಲ್ಲೇ ಎರಡು ಸಲ ಜಾಲಿಸಿ, 5 ಮಿಲಿ ಗೆರೆಯವರೆಗೆ ತುಂಬಿ, ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿದು ಹನಿ ಬಿಡಿ. ಓರೆ ಹಿಡಿದರೆ ಹನಿಯ ಗಾತ್ರವೇ ಬದಲಾಗುತ್ತದೆ. ಚೀಟಿ ಹೇಳಿದಷ್ಟೇ ಹೊತ್ತು ಕಾಯಿರಿ. ತಡವಾಗಿ ನೋಡಿದರೆ ಹಸಿರು ಇನ್ನೂ ಗಾಢವಾಗಿರುತ್ತದೆ. ಬೆಳಗಿನ ಬೆಳಕಿನಲ್ಲಿ, ಕಿಟಕಿಯ ಹತ್ತಿರ, ಬಿಳಿ ಹಾಳೆಯ ಮೇಲೆ ಹಿಡಿದರೆ 0 ಮತ್ತು 0.25ರ ವ್ಯತ್ಯಾಸ ಕಾಣುತ್ತದೆ, ಹಳದಿ ಬಲ್ಬಿನ ಕೆಳಗೆ ಕಾಣುವುದಿಲ್ಲ.

ಆದರೆ ಕಾರ್ಡು ತೋರಿಸುವುದು ಒಟ್ಟು ಅಮೋನಿಯಾ. ಕಿವಿರು ಸುಡುವುದು ಅದರಲ್ಲಿ ಅಯಾನಾಗದೆ (ವಿದ್ಯುದಂಶ ಪಡೆಯದೆ) ಉಳಿದ ಪಾಲು. ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎನ್ನುವ ಅಳತೆ) ಮತ್ತು ಶಾಖ ಏರಿದಷ್ಟೂ ಆ ಪಾಲು ಏರುತ್ತದೆ. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಅದು ಶೇ. 1ಕ್ಕಿಂತ ಕಡಿಮೆ, ಪಿಎಚ್ 8ಕ್ಕೆ ಸುಮಾರು ಶೇ. 7.5. ಅಂದರೆ ಕಾರ್ಡಿನಲ್ಲಿ 1 ಪಿಪಿಎಂ ಕಂಡರೆ 0.075 ಪಿಪಿಎಂ ವಿಷ, ಕಿವಿರಿಗೆ ಪೆಟ್ಟು ಕೊಡಲು ಸಾಕು. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ದಾಟುತ್ತದೆ, ಮನೆಯೊಳಗಿನ ಟ್ಯಾಂಕೂ ಕಾಯುತ್ತದೆ. ಅದೇ 0.5 ಓದು ಚಳಿಗಾಲದಲ್ಲಿ ಒಂದು ಅರ್ಥ, ಏಪ್ರಿಲ್‌ನಲ್ಲಿ ಇನ್ನೊಂದು. ಇದಕ್ಕಾಗಿ ಪಿಎಚ್ ನೋಡಲೇಬೇಕು. 7.6ಕ್ಕೇ ನಿಲ್ಲುವ ಪಿಎಚ್ ಬಾಟಲಿ ಗಡುಸು ಬೋರ್ ನೀರಿಗೆ ಸಾಲದು. ಹೆಚ್ಚಿನ ಶ್ರೇಣಿಯದ್ದೂ ಬೇಕು.

ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದು, ಅಮೋನಿಯಾ ಸೊನ್ನೆ ಇದ್ದರೆ ನೈಟ್ರೈಟ್ ನೋಡಿ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕ ಹೊರಲು ಬಿಡುವುದಿಲ್ಲ; ಕಿವಿರು ಕೆಂಪು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಅರ್ಧ ನೀರು ಬದಲಿಸಿ, ಕಾಳು ನಿಲ್ಲಿಸಿ, ಗಾಳಿ ಜಾಸ್ತಿ ಮಾಡಿ, 10 ಲೀಟರಿಗೆ 1 ಗ್ರಾಂ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತದೆ.

ಕರೆಂಟ್ ಗಂಟೆಗಟ್ಟಲೆ ಹೋದರೆ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತವೆ. ಕರೆಂಟ್ ಬಂದ ಕೂಡಲೇ ಹಚ್ಚಬೇಡಿ, ಒಳಗಿನ ಹಳಸಿದ ನೀರು ಚೆಲ್ಲಿ ಹಚ್ಚಿ. ಸ್ಪಂಜನ್ನು ಕ್ಲೋರಿನ್ ಇರುವ ನಳದ ನೀರಲ್ಲಿ ತೊಳೆದರೂ ಇದೇ ಗತಿ.

ನೈಟ್ರೇಟ್ ಎಷ್ಟು ನೀರು ಬದಲಿಸಿದರೂ ಇಳಿಯದಿದ್ದರೆ ಬೋರ್ ನೀರನ್ನೇ ಪರೀಕ್ಷಿಸಿ. ಗೊಬ್ಬರ ಬೀಳುವ ಗದ್ದೆ ಪಕ್ಕದ ಬೋರಿನಲ್ಲಿ ಅದು ನೀರಿನ ಜೊತೆಗೇ ಬರಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ, ಹಾಗಾಗಿ ಈ ಅಂಕಿ ಮನೆಯವರಿಗೂ ಬೇಕಾದದ್ದು. ಟ್ಯಾಂಕಿಗೆ ಅರ್ಧ ಆರ್‌ಒ ನೀರು ಬೆರೆಸಿದರೆ ದಾರಿ ಸಿಗುತ್ತದೆ.

ದುಡ್ಡು ಕಮ್ಮಿಯಿದ್ದರೆ ಅಮೋನಿಯಾ, ನೈಟ್ರೈಟ್ ಮಾತ್ರ ಬಿಡಿಯಾಗಿ ಕೊಳ್ಳಿ. ಬಾಟಲಿಗಳನ್ನು ಬಿಸಿಲು ತಾಗದ ಕೆಳಗಿನ ಕಪಾಟಿನಲ್ಲಿಡಿ, ಕೊಳ್ಳುವಾಗಲೇ ಮುಗಿಯುವ ದಿನಾಂಕ ನೋಡಿ.